ಹೊಗೆಗೆ ಯಾವ ಮರ, ಕೆಂಡಕ್ಕೆ ಯಾವ ಮರ: ಸುಡುವ ಅಡುಗೆಗೆ ಸುರಕ್ಷಿತ ಸೌದೆ ಆರಿಸುವ ಸಮಗ್ರ ಮಾರ್ಗದರ್ಶಿ

ಕೆಂಡದಲ್ಲಿ ಬದನೆಕಾಯಿ, ಗೆಣಸು ಸುಡುವುದು ನಮಗೆ ಹೊಸದಲ್ಲ. ಕೊಡಗಿನ ಮನೆಗಳಲ್ಲಿ ಒಲೆಯ ಮೇಲೆ ಹಂದಿಮಾಂಸ ತೂಗುಹಾಕಿ ಹೊಗೆಗೆ ಒಣಗಿಸುವುದೂ ಹಳೆಯ ರೂಢಿ. ಬದಲಾಗಿರುವುದು ಸೌದೆ ಬರುವ ದಾರಿ. ಹಿತ್ತಲಿನ ಇಲ್ಲವೇ ತೋಟದ ಮರವನ್ನು ಮನೆಯವರೇ ಕಡಿದು ಸೀಳಿ ಒಣಗಿಸುತ್ತಿದ್ದಾಗ, ಅದು ಯಾವ ಮರ, ಎಲ್ಲಿ ಬೆಳೆದದ್ದು ಎಂಬುದು ಮಕ್ಕಳಿಗೂ ಗೊತ್ತಿರುತ್ತಿತ್ತು. ಈಗ ಪೇಟೆಯಲ್ಲಿ ಗ್ರಿಲ್ ಕೊಂಡವರು ಕಟ್ಟಡದ ಕೆಲಸ ಮುಗಿದಲ್ಲಿ ಬಿದ್ದ ಹಲಗೆಯನ್ನೋ, ಗೋದಾಮಿನಲ್ಲಿ ಸರಕು ಪೇರಿಸುವ ಮರದ ಪ್ಯಾಲೆಟ್ಟನ್ನೋ, ಮಳೆಗೆ ಉರುಳಿದ ರಸ್ತೆಬದಿಯ ಕೊಂಬೆಯನ್ನೋ ತಂದು ಉರಿಸುತ್ತಾರೆ.

ಅನ್ನ ಬೇಯಿಸುವ ಒಲೆಗೆ ಹೀಗೆ ಸಿಕ್ಕಿದ್ದನ್ನು ತುರುಕಿದರೆ ನಡುವೆ ಪಾತ್ರೆಯಾದರೂ ಅಡ್ಡ ಇರುತ್ತದೆ. ಗ್ರಿಲ್‌ನಲ್ಲಿ, ಆಹಾರವನ್ನು ಹೊಗೆಯಾಡಿಸುವ ಸ್ಮೋಕರ್‌ನಲ್ಲಿ ಅಡ್ಡ ಏನೂ ಇಲ್ಲ. ಮರದಲ್ಲಿ ಏನಿದೆಯೋ ಅದು ಹೊಗೆಯಾಗಿ ಎದ್ದು ನೇರವಾಗಿ ಮಾಂಸ, ಮೀನು, ಪನೀರ್, ಜೋಳದ ಮೇಲೆ ಕೂರುತ್ತದೆ. ಹಾಗಾಗಿ ‘ಯಾವ ಮರ ರುಚಿ?’ ಎನ್ನುವುದಕ್ಕಿಂತ ಮೊದಲು ‘ಈ ಮರ ಇಷ್ಟು ದಿನ ಎಲ್ಲಿತ್ತು, ಇದಕ್ಕೆ ಯಾರು ಏನು ಬಳಿದಿದ್ದಾರೆ?’ ಎಂದು ಕೇಳಬೇಕು. ಈ ಬರಹದ ಹಂತಗಳು ಅದೇ ಕ್ರಮದಲ್ಲಿವೆ: ಮೊದಲು ಸೌದೆಯ ಹಿನ್ನೆಲೆ, ಆಮೇಲೆ ಜಾತಿ, ಆಮೇಲೆ ಸ್ಥಿತಿ, ಕೊನೆಗೆ ಬೆಂಕಿ.

ಹೊಗೆಯಲ್ಲಿ ಏನಿರುತ್ತದೆ

ಒಣಗಿದ ಮರ ಬಹುಮಟ್ಟಿಗೆ ಮೂರು ವಸ್ತುಗಳ ಕಟ್ಟು: ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್. ಮೊದಲ ಎರಡು ಸಕ್ಕರೆಯ ಸರಪಳಿಗಳು. ಬಿಸಿಗೆ ಒಡೆದಾಗ ಆಹಾರಕ್ಕೆ ಹೊಂಬಣ್ಣವನ್ನೂ ತುಸು ಸಿಹಿ ವಾಸನೆಯನ್ನೂ ಕೊಡುತ್ತವೆ. ಲಿಗ್ನಿನ್ ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಎಂಬ ಫೀನಾಲ್‌ಗಳು ಹುಟ್ಟುತ್ತವೆ. ನಾವು ‘ಹೊಗೆ ವಾಸನೆ’ ಎಂದು ಮೆಚ್ಚಿಕೊಳ್ಳುವುದು ಮುಖ್ಯವಾಗಿ ಇವನ್ನೇ.

ಗಾಳಿ ಸಾಲದೆ ಬೆಂಕಿ ಉಸಿರುಗಟ್ಟಿದಾಗ, ಅಥವಾ ಮಾಂಸದ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಹೊತ್ತಿಕೊಂಡಾಗ ಬೇರೆ ಗುಂಪೊಂದು ಹುಟ್ಟುತ್ತದೆ. ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್‌ಗಳು ಎಂದು ಅದರ ಹೆಸರು. ಅದರಲ್ಲಿನ ಬೆಂಜೊಪೈರೀನ್ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲ ವರ್ಗದಲ್ಲಿ ಪಟ್ಟಿ ಮಾಡಿದೆ. ಯುರೋಪಿಯನ್ ಒಕ್ಕೂಟ ಹೊಗೆಯಾಡಿಸಿದ ಮಾಂಸದಲ್ಲಿ ಇದರ ಮಿತಿಯನ್ನು 2014ರಲ್ಲಿ ಕಿಲೋಗೆ 5 ಮೈಕ್ರೋಗ್ರಾಂನಿಂದ 2 ಮೈಕ್ರೋಗ್ರಾಂಗೆ ಇಳಿಸಿತು. ಯಾವ ಸೌದೆ ತಂದರೂ ಇದನ್ನು ಪೂರ್ತಿ ತಪ್ಪಿಸಲಾಗದು, ಆದರೆ ಒಣ ಸೌದೆ ಮತ್ತು ಸರಿಯಾದ ಗಾಳಿಯಿಂದ ಬಹಳ ತಗ್ಗಿಸಬಹುದು. ಸಂಸ್ಕರಿಸಿದ ಮರದಿಂದ ಬರುವ ಆರ್ಸೆನಿಕ್, ಸೀಸ, ಕೀಟನಾಶಕಗಳು ಹಾಗಲ್ಲ. ಅವನ್ನು ಬೆಂಕಿ ನಿರ್ವಹಣೆಯ ಜಾಣ್ಮೆಯಿಂದ ಸರಿಪಡಿಸಲು ಬರುವುದಿಲ್ಲ.

ಹಂತ 1: ಸೌದೆಯ ಹಿನ್ನೆಲೆ ಕೇಳಿ

ಕೆಳಗಿನವು ಎಷ್ಟೇ ಒಣಗಿದ್ದರೂ, ಎಷ್ಟೇ ಅಗ್ಗವಾಗಿದ್ದರೂ, ಅಡುಗೆಯ ಬೆಂಕಿಗೆ ಬರಲೇಬಾರದು.

ಸೆಂಟ್ರಿಂಗ್ ಹಲಗೆ ಮತ್ತು ಗೂಟಗಳು. ಕಾಂಕ್ರೀಟ್ ಅಂಟಿಕೊಳ್ಳದಿರಲೆಂದು ಇವಕ್ಕೆ ಎಣ್ಣೆ ಬಳಿಯುತ್ತಾರೆ. ಎಷ್ಟೋ ಕಡೆ ಅದು ವಾಹನದಿಂದ ತೆಗೆದ ಹಳೆಯ ಎಂಜಿನ್ ಆಯಿಲ್. ನಗರದಲ್ಲಿ ಅತಿ ಸುಲಭವಾಗಿ ಸಿಗುವ ಸೌದೆ ಇದೇ ಆದ್ದರಿಂದ ಮೊದಲು ಹೇಳುತ್ತಿದ್ದೇನೆ.

ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್, ಲ್ಯಾಮಿನೇಟ್ ಅಂಟಿಸಿದ ಚೂರು. ಪದರಗಳನ್ನು, ಪುಡಿಯನ್ನು ಹಿಡಿದಿಡುವ ಅಂಟು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಥವಾ ಫೀನಾಲ್ ಫಾರ್ಮಾಲ್ಡಿಹೈಡ್. ಬಡಗಿ ಕೆಲಸದ ನಂತರ ಉಳಿದ ಚೂರುಗಳ ಚೀಲದಲ್ಲಿ ಗಟ್ಟಿ ಮರವೂ ಇವೂ ಬೆರೆತಿರುತ್ತವೆ. ಆರಿಸಿಕೊಳ್ಳುತ್ತೇನೆ ಎನ್ನಬೇಡಿ, ಚೀಲವನ್ನೇ ಬಿಡಿ. ಸಾಮಿಲ್‌ನ ಮರದ ಹೊಟ್ಟಿಗೂ ಇದೇ ಮಾತು. ಅದರಲ್ಲಿ ಹತ್ತಾರು ಜಾತಿಯ ಮರದ ಪುಡಿ ಕಲೆತಿರುತ್ತದೆ.

ಹಳೆಯ ಮನೆಯ ಬಾಗಿಲು, ಕಿಟಕಿ, ತೊಲೆ. ನಮ್ಮ ದೇಶದಲ್ಲಿ ಮನೆಯ ಬಣ್ಣಗಳಲ್ಲಿ ಸೀಸವನ್ನು 90 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮಿತಿಗೊಳಿಸಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟು ಸೀಸವಿದೆಯೋ ನೋಡಿ ಹೇಳಲಾಗದು. ಉಜ್ಜಿ ತೆಗೆದರೂ ಬಣ್ಣ ಮರದ ಸಂದುಗಳಲ್ಲಿ ಉಳಿಯುತ್ತದೆ. ಬಣ್ಣವಿಲ್ಲದ ತೊಲೆಗಳಿಗೂ ಗೆದ್ದಲು ಹಿಡಿಯದಿರಲೆಂದು ಕೀಟನಾಶಕ ಬಳಿದಿರಬಹುದು.

ಒತ್ತಡದಲ್ಲಿ ಔಷಧ ತುಂಬಿಸಿದ ಮರ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಮರ ಕೆಡದಂತೆ ಮಾಡುವ ವಿಧಾನವನ್ನು 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಕಂಡುಹಿಡಿದರು; ಅದು ಜಗತ್ತಿನಾದ್ಯಂತ ಹರಡಿತು. ಅಮೆರಿಕದಲ್ಲಿ ಮನೆ, ಅಂಗಳಗಳ ಬಳಕೆಗೆ ಅದನ್ನು 2003ರ ಕೊನೆಗೆ ನಿಲ್ಲಿಸಲಾಯಿತು. ಅಲ್ಲಿರುವ ಕನ್ನಡಿಗರು ಹಳೆಯ ಡೆಕ್, ಬೇಲಿ ಕಳಚಿದ ಹಲಗೆಯನ್ನು ಹಿತ್ತಲಿನ ಬಾರ್ಬೆಕ್ಯೂಗೆ ಹಾಕುವ ಮುನ್ನ ಇದನ್ನು ನೆನಪಿಡಬೇಕು. ಸುಟ್ಟರೆ ಆರ್ಸೆನಿಕ್ ಸ್ವಲ್ಪ ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ಕೂರುತ್ತದೆ. ತಿಳಿಹಸಿರು ಛಾಯೆ ಒಂದು ಸುಳಿವು, ಆದರೆ ಬಿಸಿಲಿಗೆ ಮಾಸಿದ ಮರದಲ್ಲಿ ಅದೂ ಕಾಣುವುದಿಲ್ಲ.

ರೈಲ್ವೆ ಸ್ಲೀಪರ್. ಹಳೆಯ ಮರದ ಸ್ಲೀಪರ್‌ಗಳಿಗೆ ಕ್ರಿಯೋಸೋಟ್ ಎಂಬ ಡಾಂಬರಿನ ಎಣ್ಣೆ ಉಣಿಸಿರುತ್ತಾರೆ. ಕಪ್ಪಾಗಿ, ಡಾಂಬರಿನ ವಾಸನೆ ಬರುವ ಭಾರದ ತುಂಡು ಕಂಡರೆ ಅದೇ.

ಪ್ಯಾಲೆಟ್. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಿಂದ ಇವು ಹೊರಬರುತ್ತವೆ. ಅಂತರರಾಷ್ಟ್ರೀಯ ಸಾಗಣೆಯ ಪ್ಯಾಲೆಟ್ ಮೇಲೆ ತೆನೆಯ ಚಿತ್ರದ ಮುದ್ರೆ, ದೇಶದ ಸಂಕೇತ, ಜೊತೆಗೆ ಎರಡು ಅಕ್ಷರ ಇರುತ್ತವೆ. ಎಚ್‌ಟಿ ಎಂದಿದ್ದರೆ ಮರದ ಒಡಲು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ್ದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲಕ್ಕೆ ಒಡ್ಡಿದ್ದು. ಎಚ್‌ಟಿ ಇದ್ದರೆ ಸಾಕು ಎಂದು ಹಲವರು ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಮುದ್ರೆ ಹೇಳುವುದು ಹುಳ ಸಾಯಿಸಿದ ಬಗೆಯನ್ನು ಮಾತ್ರ, ಆಮೇಲೆ ಅದರ ಮೇಲೆ ಯಾವ ಡ್ರಮ್ಮು ಸೋರಿತು ಎಂಬುದನ್ನಲ್ಲ. ಮೇಲಾಗಿ ಬಹುಪಾಲು ಪ್ಯಾಲೆಟ್ ಪೈನ್ ಮರದ್ದು. ಅದು ಹೇಗೂ ಅಡುಗೆಗೆ ಬೇಡ.

ಕರಾವಳಿಯವರು ಇನ್ನೆರಡನ್ನು ಸೇರಿಸಿಕೊಳ್ಳಿ: ಹಳೆಯ ದೋಣಿಯ ಮರ ಮತ್ತು ಸಮುದ್ರ ದಡಕ್ಕೆ ತಂದು ಹಾಕಿದ ಕೊರಡು. ದೋಣಿಯ ತಳಕ್ಕೆ ಬಳಿಯುವ ಬಣ್ಣ ಚಿಪ್ಪುಜೀವಿಗಳು ಅಂಟದಂತೆ ತಯಾರಾದ ವಿಷ. ಉಪ್ಪುನೀರು ಕುಡಿದ ಕೊರಡು ಉರಿಯುವಾಗ ಕ್ಲೋರಿನ್‌ನಿಂದ ಡಯಾಕ್ಸಿನ್‌ಗಳೆಂಬ ವಿಷಗಳು ಉಂಟಾಗುತ್ತವೆ.

ತೋಟದ ಮರ ಎಂದರೆ ಶುದ್ಧ ಎಂದಲ್ಲ

ಮಲೆನಾಡಿನಲ್ಲಿ ಈ ಭಾಗವನ್ನು ನಿಧಾನವಾಗಿ ಓದಬೇಕು. ಕಾಫಿ ಗಿಡದ ಕಟ್ಟಿಗೆ ಹೊಗೆಗೆ ಬಹಳ ಒಳ್ಳೆಯದು. ಗಟ್ಟಿ, ಸಣ್ಣ ಎಳೆ, ಹದವಾದ ಪರಿಮಳ. ಚಿಕ್ಕಮಗಳೂರು, ಕೊಡಗು, ಹಾಸನದ ತೋಟಗಳಲ್ಲಿ ಕಿತ್ತು ರಾಶಿ ಹಾಕಿದ ಗಿಡಗಳು ಧಾರಾಳ. ಆದರೆ ಅರೇಬಿಕಾ ಗಿಡ ಕೀಳುವುದು ಹೆಚ್ಚಾಗಿ ಬಿಳಿ ಕಾಂಡಕೊರಕ ಬಿದ್ದಾಗ. ಆ ಹುಳದ ವಿರುದ್ಧ ವರ್ಷಾನುಗಟ್ಟಲೆ ಲಿಂಡೇನ್ ಎಂಬ ಕೀಟನಾಶಕವನ್ನು ಕಾಂಡಕ್ಕೇ ಬಳಿಯುತ್ತಿದ್ದರು. ಲಿಂಡೇನ್ ಬಳಕೆ ಭಾರತದಲ್ಲಿ 2013ರಿಂದ ನಿಷಿದ್ಧ. 2015ರಲ್ಲಿ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಲಾಯಿತು. ಕಾಂಡಕ್ಕೆ ಕ್ಲೋರ್‌ಪೈರಿಫಾಸ್‌ನಂಥ ಬೇರೆ ಔಷಧಗಳೂ ಬಿದ್ದಿರಬಹುದು. ಆದ್ದರಿಂದ ಕಾಫಿ ಕಟ್ಟಿಗೆ ಬೇಕಾದರೆ ಹೀಗೆ ಮಾಡಿ: ಔಷಧ ಬೀಳುವ ಮುಖ್ಯ ಕಾಂಡವನ್ನು ಬಿಟ್ಟು, ಗಿಡ ಸವರುವಾಗ ಕತ್ತರಿಸಿದ ಹೆಬ್ಬೆರಳು ಗಾತ್ರದ ಅಡ್ಡಕೊಂಬೆಗಳನ್ನು ತನ್ನಿ; ಕಾಂಡಕೊರಕದ ಕಾಟ ಕಡಿಮೆಯಿರುವ ರೊಬಸ್ಟಾ ಗಿಡದ್ದಾದರೆ ಇನ್ನೂ ಒಳ್ಳೆಯದು; ಏನೇ ಆದರೂ ತೊಗಟೆಯನ್ನು ಪೂರ್ತಿ ಕೆತ್ತಿ ತೆಗೆಯಿರಿ. ತೋಟದ ಮಾಲೀಕರನ್ನೋ ಕೆಲಸದ ಉಸ್ತುವಾರಿಯ ರೈಟರನ್ನೋ ಕೇಳಿದರೆ ಯಾವ ಬ್ಲಾಕಿಗೆ ಏನು ಹೊಡೆದಿದ್ದಾರೆ ಎಂದು ನೇರವಾಗಿ ಹೇಳುತ್ತಾರೆ.

ಅಡಿಕೆ ದಬ್ಬೆ ನೀರೊಲೆಗೆ ಸರಿ, ಗ್ರಿಲ್‌ಗೆ ಬೇಡ. ಕೊಳೆರೋಗಕ್ಕೆ ವರ್ಷವೂ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತು ಅಂದರೆ ತಾಮ್ರ. ಅದು ಮರದುದ್ದಕ್ಕೂ ಇಳಿದಿರುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ಬಳ್ಳಿ, ದಾಳಿಂಬೆ ಕಡ್ಡಿಗಳ ಮಾತೂ ಇದೇ. ದ್ರಾಕ್ಷಿ ಕಡ್ಡಿಯ ಬೆಂಕಿಯಲ್ಲಿ ಮಾಂಸ ಸುಡುವುದು ಫ್ರಾನ್ಸಿನ ಬೋರ್ಡೋ ಸೀಮೆಯ ಹಳೆಯ ಪದ್ಧತಿ. ಆದರೂ ಔಷಧ ಹೊಡೆಯದೆ ಬೆಳೆಯುವ ರೈತರು ನಿಮಗೆ ಗೊತ್ತಿದ್ದರೆ ಮಾತ್ರ ಅದಕ್ಕೆ ಕೈಹಾಕಿ.

ನಗರದಲ್ಲಿ ಉರುಳಿದ ಮರವನ್ನು ನಾನು ಸೌದೆಯಾಗಿ ಶಿಫಾರಸು ಮಾಡುವುದಿಲ್ಲ. ಬುಡಕ್ಕೆ ಆಸಿಡ್ ಸುರಿದು ಮರ ಸಾಯಿಸಿದ ಪ್ರಕರಣಗಳು ಬೆಂಗಳೂರಿನಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಮರ ಯಾಕೆ ಸತ್ತಿತು ಎಂದು ನಿಮಗೆ ತಿಳಿಯುವುದಿಲ್ಲ.

ಹಂತ 2: ಜಾತಿ ಗುರುತಿಸಿ

ಹೆಸರು ಖಚಿತವಾಗಿ ಹೇಳಲಾಗದ ಮರವನ್ನು ಅಡುಗೆಗೆ ಬಳಸಬೇಡಿ. ಎಲೆ, ತೊಗಟೆ, ಕಾಯಿ ಇರುವಾಗಲೇ ಗುರುತಿಸಿ ಕಡಿದ ಸೌದೆಯಾದರೆ ಅನುಮಾನ ಉಳಿಯುವುದಿಲ್ಲ.

ಹತ್ತಿರವೂ ತರಬಾರದ ಮರಗಳಲ್ಲಿ ಕಣಗಿಲೆಗೆ ಮೊದಲ ಸ್ಥಾನ. ಕೆಂಪು, ಬಿಳಿ, ಹಳದಿ ಎಲ್ಲ ಬಗೆಯಲ್ಲೂ ಹೃದಯದ ಬಡಿತ ಕೆಡಿಸುವ ವಿಷವಿದೆ, ಹೊಗೆಯೂ ಅಪಾಯ. ಮನೆ ಮುಂದಿನ ಕಣಗಿಲೆಯ ನೇರ ಕಡ್ಡಿಯನ್ನು ಕಬಾಬಿನ ಕಡ್ಡಿಯಾಗಿ ಬಳಸುವ ಯೋಚನೆ ಯಾರಿಗೂ ಬರದಿರಲಿ. ಉಕ್ಕಿನ ಇಲ್ಲವೇ ಬಿದಿರಿನ ಕಡ್ಡಿ ಬಳಸಿ. ಕಾಸರಕದ ಬೀಜ, ತೊಗಟೆಗಳಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಇವೆ. ಎಕ್ಕ, ಕಳ್ಳಿ, ದೇವಕಣಗಿಲೆ ಮುಂತಾಗಿ ಕಡಿದರೆ ಹಾಲು ಸುರಿಸುವ ಗಿಡಗಳನ್ನೂ ದೂರವಿಡಿ. ಹಲಸು ಇದಕ್ಕೆ ಹೊರತು. ಅದರ ಮೇಣ ಅಂಟೇ ಹೊರತು ವಿಷವಲ್ಲ, ಚೆನ್ನಾಗಿ ಒಣಗಿದ ಹಲಸಿನ ಸೌದೆ ಕೆಂಡಕ್ಕೆ ಆಗುತ್ತದೆ.

ಹೊಳಗೇರು ಮತ್ತು ಕರಿಗೇರಿನ ಸೊನೆ ತಾಗಿದರೆ ಮೈ ಬೊಕ್ಕೆ ಏಳುವುದು ಮಲೆನಾಡಿನವರಿಗೆ ಗೊತ್ತು. ಅದೇ ಸೊನೆ ಹೊಗೆಯೊಡನೆ ಹೋದರೆ ಗಂಟಲು, ಶ್ವಾಸಕೋಶಗಳಲ್ಲೂ ಉರಿ ಎಬ್ಬಿಸುತ್ತದೆ. ಗೋಡಂಬಿ ಮರವೂ ಅದೇ ಕುಟುಂಬದ್ದು, ಬಿಡಿ. ಮಾವೂ ಅದೇ ಕುಟುಂಬ. ಹೋಮಕ್ಕೆ ಮಾವಿನ ಸಮಿತ್ತು ಉರಿಸುವ ನಾಡಿನಲ್ಲಿ ಮಾವು ಬೇಡ ಎನ್ನಲಾರೆ. ವರ್ಷ ಒಣಗಿಸಿ, ತೊಗಟೆ ತೆಗೆದು, ಕೆಂಡ ಮಾಡಿಕೊಂಡು ಬಳಸಿ. ಮಾವಿನ ಸೊನೆಗೆ ಮುಖ, ತುಟಿ ಊದಿಕೊಳ್ಳುವವರು ಮನೆಯಲ್ಲಿದ್ದರೆ ಅದನ್ನೂ ಬಿಡಿ.

ಗೊಬ್ಬರದ ಗಿಡ ಎಂದು ಬದುವಿಗೆ ನೆಡುವ ಗ್ಲಿರಿಸಿಡಿಯಾದ ಸವರಿದ ಕೊಂಬೆ ಬೇಕಾದಷ್ಟು ಸಿಗುತ್ತದೆ. ಮಧ್ಯ ಅಮೆರಿಕದಲ್ಲಿ ಅದರ ಬೀಜ, ತೊಗಟೆಗಳು ಇಲಿ ಪಾಷಾಣ. ಇದನ್ನೂ ಲಂಟಾನವನ್ನೂ ಅಡುಗೆಯ ಬೆಂಕಿಯಿಂದ ದೂರವಿಡಿ.

ಸಾಗುವಾನಿ, ಬೀಟೆಯ ಪುಡಿಯೇ ಬಡಗಿಗಳ ಚರ್ಮಕ್ಕೆ ಅಲರ್ಜಿ ತರುತ್ತದೆ, ಹೊಗೆಗೆ ಬೇಡ. ಸಿಲ್ವರ್ ಓಕ್ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದ ಅಡುಗೆ ವಿಡಿಯೋಗಳಲ್ಲಿ ‘ಓಕ್’ ಎಂದು ಕೇಳಿ, ಕಾಫಿ ತೋಟದ ನೆರಳಿನ ಸಿಲ್ವರ್ ಓಕನ್ನು ತರುವವರಿದ್ದಾರೆ. ಅದು ಆಸ್ಟ್ರೇಲಿಯಾದ ಮರ, ಓಕ್‌ಗೂ ಅದಕ್ಕೂ ನೆಂಟಸ್ತಿಕೆಯಿಲ್ಲ, ಅದರಲ್ಲಿ ಚರ್ಮ ಕೆರಳಿಸುವ ರಾಸಾಯನಿಕಗಳಿವೆ. ಪೈನ್, ದೇವದಾರು, ಸೈಪ್ರೆಸ್‌ಗಳಲ್ಲಿ ರಾಳ ಹೆಚ್ಚು. ಕಪ್ಪು ಮಸಿ, ಕಹಿ ಬಿಟ್ಟರೆ ಬೇರೇನೂ ಸಿಗದು. ಕೋಲಾರ, ಬೆಂಗಳೂರು ಗ್ರಾಮಾಂತರದ ಸೌದೆ ಡಿಪೋಗಳಲ್ಲಿ ತುಂಬಿರುವ ನೀಲಗಿರಿ ಹೊಗೆಗೆ ಔಷಧದ ವಾಸನೆ ತರುತ್ತದೆ, ಹೊಗೆಯಾಡಿಸಲು ಬಳಸಬೇಡಿ.

ಒಳ್ಳೆಯವು ಯಾವುವು ಎಂದರೆ, ಮೊದಲು ನಾನು ಹೇಳುವುದು ಬಳ್ಳಾರಿ ಜಾಲಿ. ಹೊಲಕ್ಕೆ ಶಾಪ ಎನಿಸಿಕೊಂಡ ಈ ಮುಳ್ಳುಗಿಡ, ಟೆಕ್ಸಾಸಿನವರು ಬಾರ್ಬೆಕ್ಯೂಗೆ ಹೆಮ್ಮೆಯಿಂದ ಬಳಸುವ ಮೆಸ್ಕೀಟ್‌ನ ಒಡಹುಟ್ಟು. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಇದರ ಇದ್ದಿಲು ಸುಡುತ್ತಾರೆ. ಯಾರೂ ಔಷಧ ಹೊಡೆದು ಬೆಳೆಸುವ ಗಿಡವಲ್ಲ, ಕಡಿದರೆ ಯಾರಿಗೂ ನಷ್ಟವಿಲ್ಲ. ಹೊಗೆ ಮಾತ್ರ ಖಾರ. ಕೋಳಿಗೆ, ಮೀನಿಗೆ ಚೂರೇ ಸಾಕು. ಕುರಿ, ಹಂದಿ ಮಾಂಸಕ್ಕೆ ಕೊಂಚ ಹೆಚ್ಚು ತಡೆಯುತ್ತದೆ. ಕರಿಜಾಲಿಯೂ ಗಟ್ಟಿ ಕೆಂಡ ಕೊಡುತ್ತದೆ.

ಸೀಬೆ ಮರದ ಹೊಗೆ ನನಗೆ ಎಲ್ಲಕ್ಕಿಂತ ಇಷ್ಟ. ತೆಳು, ತುಸು ಸಿಹಿ. ಪನೀರಿಗೂ ಮೀನಿಗೂ ಹೊಂದುತ್ತದೆ. ನಿಂಬೆ, ಕಿತ್ತಳೆ ಕಟ್ಟಿಗೆಯೂ ಅದೇ ಜಾಡಿನದು. ಹುಣಸೆ ಸೌದೆ ಹೊತ್ತಿಕೊಳ್ಳಲು ತಡ, ಹೊತ್ತಿದ ಮೇಲೆ ಕೆಂಡ ಬಹಳ ಹೊತ್ತು ಕೂರುತ್ತದೆ. ನೇರಳೆಯೂ ಆಗುತ್ತದೆ. ಕರಾವಳಿಯ ಸರ್ವೆಯ ಎಲೆ ಸೂಜಿಯಂತಿರುವುದನ್ನು ನೋಡಿ ಪೈನ್ ಎಂದು ತಳ್ಳಬೇಡಿ. ಅದು ರಾಳವಿಲ್ಲದ ಗಟ್ಟಿಮರ. ಅರಣ್ಯ ಇಲಾಖೆ ನೆಡುತೋಪುಗಳ ಅಕೇಶಿಯಾ ಕೆಂಡಕ್ಕೆ ಸರಿ. ತೆಂಗಿನ ಕರಟದ ಇದ್ದಿಲು ಹೊಗೆ ಕಡಿಮೆ, ಕಾವು ಹೆಚ್ಚು, ಎಲ್ಲ ಕಡೆ ಸಿಗುತ್ತದೆ. ಹೊಸಬರಿಗೆ ಕರಟದ ಇದ್ದಿಲಿನ ಮೇಲೆ ಸೀಬೆಯ ನಾಲ್ಕು ತುಂಡು, ಇದಕ್ಕಿಂತ ಸುರಕ್ಷಿತ ಆರಂಭ ನನಗೆ ತೋಚುವುದಿಲ್ಲ.

ಹಿತ್ತಲಿನ ಮರವಾದರೂ ಹಲವು ಜಾತಿಗಳನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಸವರಿದ ಕೊಂಬೆಯೇ ಅಡುಗೆಗೆ ಧಾರಾಳ ಸಾಕು.

ಹಂತ 3: ತುಂಡನ್ನು ಪರೀಕ್ಷಿಸಿ

ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ. ಮೊಳೆ, ಬಣ್ಣದ ಕಲೆ, ಎಣ್ಣೆಯ ಜಿಡ್ಡು, ಡಾಂಬರು ಕಂಡರೆ ಮುಗಿಯಿತು. ಬೂಸ್ಟು ಹಿಡಿದದ್ದು, ಉಗುರಿಗೆ ಪುಡಿಯಾಗುವಷ್ಟು ಮೆತ್ತಗಾದದ್ದು, ಅಣಬೆ ಎದ್ದದ್ದು ಬೇಡ. ಕಲ್ಲುಹೂವು, ಪಾಚಿ ಮೇಲೆ ಮಾತ್ರ ಇದ್ದರೆ ತೊಗಟೆಯ ಜೊತೆ ಹೋಗುತ್ತದೆ. ಯಂತ್ರದ ಗರಗಸದಲ್ಲಿ ಕೊಯ್ದ ಸೌದೆಯಾದರೆ ಕೊಯ್ದ ಮುಖವನ್ನು ಒಂದು ಬೆರಳಷ್ಟು ಕೊಡಲಿಯಿಂದ ಕೆತ್ತಿ ತೆಗೆಯಿರಿ. ಸರಪಳಿಗೆ ಹಾಕಿದ ಎಣ್ಣೆ ಅಲ್ಲಿ ಸಿಡಿದಿರುತ್ತದೆ. ಆ ಗರಗಸದಿಂದ ಉದುರಿದ ಪುಡಿಯನ್ನು ಹೊಗೆಗೆ ಬಳಸಲೇಬೇಡಿ.

ಹಂತ 4: ಒಣಗಿಸಿ

ಹಸಿ ಸೌದೆಯ ತೂಕದಲ್ಲಿ ಸುಮಾರು ಅರ್ಧ ನೀರೇ. ಆ ನೀರು ಆವಿಯಾಗುವವರೆಗೆ ಬೆಂಕಿ ತಣ್ಣಗೆ ಹೊಗೆಯಾಡುತ್ತದೆ, ಆಹಾರದ ಮೇಲೆ ಕಹಿ ಜಿಡ್ಡು ಕೂರುತ್ತದೆ. ತೇವ ಶೇ 15ರಿಂದ 20ಕ್ಕೆ ಇಳಿಯಬೇಕು. ಮುಂಗೈ ದಪ್ಪಕ್ಕೆ ಸೀಳಿ, ನೆಲಕ್ಕೆ ತಾಗದಂತೆ ಅಡ್ಡಕಡ್ಡಿಯ ಮೇಲೆ ಒಟ್ಟಿ, ಮೇಲೆ ಮಾತ್ರ ಹೊದಿಸಿ, ಪಕ್ಕಗಳಲ್ಲಿ ಗಾಳಿಯಾಡಲಿ. ಬಯಲುಸೀಮೆಯಲ್ಲಿ ಆರು ತಿಂಗಳು ಸಾಕು. ಮಲೆನಾಡು, ಕರಾವಳಿಯಲ್ಲಿ ಬೇಸಿಗೆಯಲ್ಲೇ ಸೀಳಿ ಮಳೆಗೆ ಮುನ್ನ ಕೊಟ್ಟಿಗೆ ಸೇರಿಸುವ ಹಳೆಯ ಕ್ರಮವನ್ನು ಮೀರಿಸುವಂಥದ್ದು ಯಾವುದೂ ಇಲ್ಲ.

ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ; ಒಣಗಿದ್ದರೆ ಟಣ್ ಎನ್ನುತ್ತದೆ, ಹಸಿಯಾದರೆ ದಪ್ ಎನ್ನುತ್ತದೆ. ತುದಿಯಲ್ಲಿ ನಡುವಿನಿಂದ ಹೊರಕ್ಕೆ ಬಿರುಕು ಬಿಟ್ಟಿರಬೇಕು. ತೇವ ಅಳೆಯುವ ಪುಟ್ಟ ಮೀಟರ್ ಇದ್ದರೆ ತುಂಡನ್ನು ಆಗಷ್ಟೇ ಸೀಳಿ ಒಳಮುಖಕ್ಕೆ ಚುಚ್ಚಿ. ಹೊರಮೈಯ ಲೆಕ್ಕ ನಂಬುವಂಥದ್ದಲ್ಲ.

ಹೊಗೆಗೆ ಹಾಕುವ ಮರದ ಚೂರುಗಳನ್ನು ನೀರಲ್ಲಿ ನೆನೆಸಿ ಹಾಕಬೇಕೆಂಬ ಸಲಹೆ ಎಲ್ಲೆಡೆ ಇದೆ. ನೀರು ಚೂರಿನ ಮೇಲ್ಮೈ ದಾಟಿ ಒಳಗೆ ಹೆಚ್ಚು ಹೋಗುವುದಿಲ್ಲ, ಮೊದಲು ಏಳುವುದು ಬರೀ ಹಬೆ. ಒಣ ಚೂರನ್ನೇ ಹಾಕಿ.

ಹಂತ 5: ಆಹಾರವಿಲ್ಲದೆ ಸುಟ್ಟು ನೋಡಿ

ಹೊಸ ಜಾಗದ ಸೌದೆಯಾದರೆ ಒಂದು ಹಿಡಿಯಷ್ಟನ್ನು ಬಯಲಲ್ಲಿ ಉರಿಸಿ. ತುದಿಯಲ್ಲಿ ಅಂಟು ನೊರೆಯುಕ್ಕುವುದು, ಮಸಿಯ ಕಪ್ಪು ಹೊಗೆ, ಪ್ಲಾಸ್ಟಿಕ್ ಅಥವಾ ಸೀಮೆಎಣ್ಣೆಯ ವಾಸನೆ, ಜ್ವಾಲೆಯಲ್ಲಿ ಹಸಿರು ಬಣ್ಣ ಕಂಡರೆ ಆ ರಾಶಿಯನ್ನೇ ಬಿಡಿ. ಹಸಿರು ತಾಮ್ರದ ಇಲ್ಲವೇ ಬೋರಾನ್‌ನ ಸುಳಿವು, ರಬ್ಬರ್ ಮರದ ಪೀಠೋಪಕರಣದ ಚೂರುಗಳಲ್ಲಿ ಬೋರಾನ್ ಇರುತ್ತದೆ. ಆದರೆ ಈ ಪರೀಕ್ಷೆ ಪಾಸಾದ ಮಾತ್ರಕ್ಕೆ ಮೊದಲ ಹಂತವನ್ನು ಬಿಡಲಾಗದು. ಆರ್ಸೆನಿಕ್, ಸೀಸ ಮೂಗಿಗೆ ಹತ್ತುವುದಿಲ್ಲ.

ಹಂತ 6: ಬೆಂಕಿ ಹೂಡಿ, ಕಾಯಿರಿ

ಸೀಮೆಎಣ್ಣೆ, ಪೆಟ್ರೋಲ್ ಬೇಡ; ತೆಂಗಿನ ನಾರು, ಒಣ ಕಡ್ಡಿ, ಕಾಗದದ ಉಂಡೆ ಸಾಕು. ಇದ್ದಿಲಾದರೆ 30ರಿಂದ 45 ನಿಮಿಷ, ಸೌದೆಯಾದರೆ ಸುಮಾರು ಒಂದು ಗಂಟೆ ಕಾದು, ಕೆಂಡದ ಮೇಲೆ ಬಿಳಿ ಬೂದಿಯ ಪದರ ಬಂದ ನಂತರವೇ ಆಹಾರ ಇಡಿ. ಹೊತ್ತಿಸಲು ಔಷಧ ಸವರಿದ ಇದ್ದಿಲುಂಡೆಗಳನ್ನು ನಾನು ಕೊಳ್ಳುವುದಿಲ್ಲ.

ಹೊಗೆಯಾಡಿಸುವಾಗ ಮುಚ್ಚಳದ ಕಿಂಡಿ ತೆರೆದಿರಲಿ. ದಟ್ಟ ಬಿಳಿ ಹೊಗೆ ಬಂದರೆ ಗಾಳಿ ಸಾಲದು ಎಂದರ್ಥ. ತೆಳ್ಳಗೆ, ನೀಲಿ ಛಾಯೆಯಲ್ಲಿ ಕಂಡೂ ಕಾಣದಂತೆ ಏಳುವ ಹೊಗೆ ಬೇಕು. ಒಂದೂವರೆ ಕಿಲೋ ಕೋಳಿಗೆ ಮುಷ್ಟಿ ಗಾತ್ರದ ಎರಡು ಮೂರು ತುಂಡು ಸಾಕು. ಸ್ಮೋಕರ್ ಒಳಗೆ 110ರಿಂದ 120 ಡಿಗ್ರಿ ಇರಲಿ, ಕೋಳಿಯ ದಪ್ಪ ಭಾಗದ ಒಳಗೆ 74 ಡಿಗ್ರಿ ಮುಟ್ಟಲಿ. ಕೊಬ್ಬು ಕೆಂಡಕ್ಕೆ ಬೀಳದಂತೆ ಕೆಂಡವನ್ನು ಒಂದು ಪಕ್ಕಕ್ಕೆ ಸರಿಸಿ, ಮಾಂಸದ ಕೆಳಗೆ ನೀರು ಹಾಕಿದ ತಟ್ಟೆ ಇಡಿ. ಸೀದು ಕಪ್ಪಾದ ಭಾಗವನ್ನು ಕೆತ್ತಿ ತೆಗೆದು ತಿನ್ನಿ. ಬೇಯಿಸದೆ ತಣ್ಣನೆಯ ಹೊಗೆಯಲ್ಲಿ ಮಾಂಸ, ಮೀನು ಇಡುವ ವಿಧಾನಕ್ಕೆ ಉಪ್ಪಿನ ಪ್ರಮಾಣ, ಉಷ್ಣತೆಗಳ ಕಟ್ಟುನಿಟ್ಟು ಬೇಕು. ಕಲಿಸುವವರಿಲ್ಲದೆ ಮನೆಯಲ್ಲಿ ಪ್ರಯತ್ನಿಸಬೇಡಿ, ಬಾಟುಲಿಸಂ ವಿಷ ವಾಸನೆಯಿಂದ ಗೊತ್ತಾಗದು.

ಕೆಂಡವಿರುವ ಗ್ರಿಲ್ ಮಳೆ ಬಂತೆಂದು ಮನೆಯೊಳಗೆ, ಗಾಜು ಮುಚ್ಚಿದ ಬಾಲ್ಕನಿಗೆ, ಟೆಂಟಿನೊಳಗೆ ಬರಬಾರದು. ಹೊಗೆ ನಿಂತ ಮೇಲೂ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಏಳುತ್ತಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಏಳಗೊಡುವುದಿಲ್ಲ. ಅಡುಗೆಯ ಹೊಗೆಗೆ ಯಾರಿಗಾದರೂ ತಲೆಸುತ್ತು, ವಾಂತಿ, ಉಸಿರಾಟದ ತೊಂದರೆ ಕಂಡರೆ ತಕ್ಷಣ ತೆರೆದ ಗಾಳಿಗೆ ಕರೆತಂದು 108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ಹೋಗುವಾಗ ಆ ಮರದ ಸುಡದ ತುಂಡು, ಎಲೆ ಸಿಕ್ಕರೆ ಎಲೆಯನ್ನೂ ಜೊತೆಗೆ ಒಯ್ಯಿರಿ.

ಬೂದಿಯನ್ನು ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ಒಂದು ದಿನ ಪೂರ್ತಿ ಆರಲು ಬಿಡಿ. ಜಾತಿ, ಹಿನ್ನೆಲೆ ಎರಡೂ ಗೊತ್ತಿರುವ ಸೌದೆಯ ಬೂದಿಯನ್ನು ಮಾತ್ರ ಕರಿಬೇವಿನ ಬುಡಕ್ಕೆ ಹಾಕಿ ಅಥವಾ ಪಾತ್ರೆ ತಿಕ್ಕಲು ಇಟ್ಟುಕೊಳ್ಳಿ.